ಎಂಟಗಸಿಯ ಗೋಡೆ

ರಾಯಚೂರು
11 ಆಗಸ್ಟ್ 2024

ತಹಮೀನಾ,

ನಕ್ಷೆ ಸುತ್ತಿಟ್ಟ ನಿನ್ನ ಪೈಪು ಸುರಕ್ಷಿತವಾಗಿ ಬಂತು. ಮಾನ್ವಿ ಬಸ್ಸಿನ ಕಂಡಕ್ಟರ್ ಮೌನಪ್ಪ ಅದನ್ನು ಸೀಟಿನ ಕೆಳಗೆ ತುರುಕದೆ ಡ್ರೈವರನ ಬೆನ್ನ ಹಿಂದೆ ನಿಲ್ಲಿಸಿಕೊಂಡು ತಂದಿದ್ದ. ಕೊಡುವಾಗ ಕೇಳಿದ:

"ಇದು ಯಾವ ಊರಿನ ನಕ್ಷಿರೀ ಅಕ್ಕಾರ?"

"ಇಲ್ಲದ ಊರಿಂದು."

"ಇಲ್ಲದ ಊರಿಗಿ ನಕ್ಷಿ ಯಾಕ ಬೇಕ್ರೀ?"

ನಿಲ್ದಾಣದ ಗದ್ದಲದಲ್ಲೇ ನಿಂತು ಹೇಳಿದೆ. ಅದೊಂದು ಆಟ. ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬರು ಕಥೆ ಹೇಳುತ್ತಾರೆ, ಉಳಿದವರು ಆ ಕಥೆಯೊಳಗಿನ ಪಯಣಿಗರು. ಎಡಕ್ಕೋ ಬಲಕ್ಕೋ ಅವರೇ ತೀರ್ಮಾನಿಸುತ್ತಾರೆ, ಗೆದ್ದರೋ ಸೋತರೋ ಎನ್ನುವುದಕ್ಕೆ ದಾಳ ಹಾಕುತ್ತಾರೆ. ಮೇಜಿನ ಮೇಲೆ ಹಾಸಲು ಅವರಿಗೊಂದು ನಾಡು ಬೇಕು. ನಾವು ಬರೆದ ನಾಡನ್ನು ಕಂಪ್ಯೂಟರಿನಲ್ಲಿ ಕೊಂಡು, ಊರುಗಳ ಹೆಸರು ಬದಲಿಸಿ, ಬೇಡದ ಕಾಡು ಅಳಿಸಿ, ಮನೆಯಲ್ಲೇ ಪ್ರಿಂಟ್ ತೆಗೆದು ಅಂಟಿಸಿಕೊಳ್ಳುತ್ತಾರೆ. ಮೌನಪ್ಪ ಸ್ವಲ್ಪ ಯೋಚಿಸಿದ. "ಹಂಗಿದ್ರ ಅದರಾಗ ಒಂದು ಬಸ್ ರೂಟ್ ಹಾಕ್ರಿ. ಪಾಪ, ಎಷ್ಟಂತ ನಡೀತಾರ" ಅಂದ.

ದ್ವೀಪದ ಅಂಚು ಇಷ್ಟು ಚೆನ್ನಾಗಿ ಈ ಹಿಂದೆ ಬಂದಿರಲಿಲ್ಲ. ನೀರು ಬಂದು ಕಚ್ಚಿ ಕಚ್ಚಿ ಹೋದಂತಿದೆ. ನಕ್ಷೆ ಮಾರುವ ನಮ್ಮ ಪುಟ ನೋಡಿಕೊಳ್ಳುವ ಮಲ್ಲೇಶ್ವರಿ ಗೊತ್ತಲ್ಲ, ದೇವದುರ್ಗದ ಕಾಲೇಜಿನಲ್ಲಿ ನನ್ನ ಜೊತೆ ಕಂಪ್ಯೂಟರ್ ಪಾಠ ಮಾಡುವವಳು. ಪುಟಕ್ಕೆ ಹಾಕಿದ ಮರುದಿನವೇ ಆ ದ್ವೀಪ ಕೊಂಡವರೊಬ್ಬರು ಬರೆದದ್ದನ್ನು ಅವಳು ಓದಿ ಹೇಳಿದಳು: ಈ ತೀರ ಬರೆದವರು ಕಡಲಿನ ಪಕ್ಕದಲ್ಲೇ ಹುಟ್ಟಿರಬೇಕು. "ನಮ್ಮ ತಹಮೀನಾ ಮೇಡಮ್ ಕಡಲು ನೋಡಿದ್ದು ಕ್ಯಾಲೆಂಡರಿನ್ಯಾಗ ಅಂತ ಬರೀಲೇನ್ರೀ?" ಅಂದಳು. ಬೇಡ ಅಂದೆ.

ಒಂದು ಮರೆತಿದ್ದೀಯ. ಹಾಳೆಯ ಸುತ್ತ ಚೌಕಟ್ಟು ಎಳೆದಿಲ್ಲ, ದೂರ ತೋರಿಸುವ ಅಳತೆಪಟ್ಟಿಯೂ ಇಲ್ಲ. ಎರಡನ್ನೂ ನಾನೇ ಕಂಪ್ಯೂಟರಿನಲ್ಲಿ ಸೇರಿಸಿದೆ.

ಈಗ ದೊಡ್ಡ ಸುದ್ದಿ. ಹೈದರಾಬಾದಿನಲ್ಲಿ ಇಂಥ ಆಟಗಳ ಪುಸ್ತಕ ತರುವವರೊಬ್ಬರಿದ್ದಾರೆ. ನಮ್ಮ ಆಚೆನಾಡು ಅವರಿಗೆ ಇಡಿಯಾಗಿ ಬೇಕಂತೆ. ದ್ವೀಪಗಳು, ಕಾಡು, ನದಿಗಳು ಇವೆ. ರಾಜಧಾನಿಯೊಂದೇ ಇಲ್ಲ. ಎಂಟಗಸಿಯನ್ನು ನೀನು ದೀಪಾವಳಿಯ ಹೊತ್ತಿಗೆ ಬರೆದುಕೊಟ್ಟರೆ ಪುಸ್ತಕವಾಗುತ್ತದೆ. ಎಂಟು ಅಗಸಿ ಬಾಗಿಲು, ಎರಡು ಸುತ್ತು ಕೋಟೆ, ಒಳಗೆ ಬೀದಿಗಳು. ಮುಖಪುಟದಲ್ಲಿ ನಿನ್ನ ಹೆಸರು, ನನ್ನ ಹೆಸರು. ಕಲಬುರಗಿಯ ಹಾಸ್ಟೆಲ್ಲಿನಲ್ಲಿ ಎಂ.ಎ. ಓದಬೇಕಾದ ಹೊತ್ತಿನಲ್ಲಿ ನಾವು ಕಟ್ಟತೊಡಗಿದ ಊರು ಅದು. ನನಗೆ ಈಗೀಗ ಯಾವುದಕ್ಕೂ ಉತ್ಸಾಹ ಬರುವುದಿಲ್ಲ, ನಿನಗೆ ಗೊತ್ತು. ಇದಕ್ಕೆ ಬಂದಿದೆ.

ವಿಶಾಖಾ


ಮಾನ್ವಿ
30 ಆಗಸ್ಟ್ 2024

ವಿಶಾಖಾ,

ಪೆನ್ಸಿಲಿನಲ್ಲಿ ಬರೆದಿದ್ದೇನೆ, ಬೈಯಬೇಡ. ಮಸಿಯಾದರೆ ತಪ್ಪಿದ್ದು ಅಳಿಸಲಾಗುವುದಿಲ್ಲ.

ಚೌಕಟ್ಟು ಮರೆತಿಲ್ಲ. ಕಡಲಿಗೆ ಚೌಕಟ್ಟು ಯಾಕೆ ಅನ್ನಿಸಿತು, ಬಿಟ್ಟೆ.

ಪುಸ್ತಕದ ಸುದ್ದಿ ಕೇಳಿ ಸಂತೋಷವಾಯಿತು. ಆದರೆ ಎಂಟಗಸಿಯ ಬದಲು ಇನ್ನೊಂದು ದ್ವೀಪ ಕೊಟ್ಟರೆ ಆಗದೇ? ನದಿ ಕಡಲಿಗೆ ಸೇರುವ ಜಾಗ ಕೊಡುತ್ತೇನೆ, ಜೌಗು ಕೊಡುತ್ತೇನೆ, ಎಷ್ಟು ಬೇಕಾದರೂ. ರಾಜಧಾನಿ ಇಲ್ಲದ ನಾಡು ಇರಬಾರದು ಅಂತ ಏನಿದೆ. ಕೊಂಡವರು ತಮಗೆ ಬೇಕಾದಲ್ಲಿ ಕಟ್ಟಿಕೊಳ್ಳಲಿ.

ಇನ್ನೊಂದು ತೊಂದರೆ. ವಲಿ ಪಾಷಾ ಅಣ್ಣ ತನ್ನ ಫೋಟೋ ಫ್ರೇಮಿನ ಅಂಗಡಿಯಲ್ಲಿದ್ದ ದೊಡ್ಡ ಗಾಜನ್ನು ಮದುವೆಯ ಫೋಟೋ ಒಂದಕ್ಕೆ ಕೊಟ್ಟುಬಿಟ್ಟ. ಕೆಳಗೆ ಬಲ್ಬು ಇಟ್ಟು ಅದರ ಮೇಲೆ ಹಾಳೆ ಹಾಸಿಯೇ ಅಲ್ಲವೇ ನಾನು ಬರೆಯುತ್ತಿದ್ದದ್ದು. ಗಾಜಿಲ್ಲದೆ ನಗರ ಆಗುವುದಿಲ್ಲ.

ಲತೀಫಾ ಭಾಬಿ ಅಂಗನವಾಡಿಯಿಂದ ಬಂದವಳೇ ದಿನವೂ ಅದೇ ಮಾತು: "ಹಗಲೆಲ್ಲಾ ಇಲ್ಲದ ಊರಾಗ ಇರ್ತಿ. ಇರೋ ಊರಾಗ ರೊಟ್ಟಿ ಯಾರು ಬಡೀಬೇಕು?" ಬಡಿಯುವವಳು ಅವಳೇ. ಚಹಾ ಸೋಸುವುದೂ ಈಗ ಅವಳೇ. ನನಗೆ ಬಟ್ಟೆ ಮಡಚುವ ಕೆಲಸ ಸಿಕ್ಕಿದೆ. ಮಡಚಿದ್ದು ಹೇಗಿದ್ದರೂ ಯಾರೂ ಕೇಳುವುದಿಲ್ಲ.

ನಿನ್ನ ಕಣ್ಣು ನೋಡಿಕೋ. ರಾತ್ರಿ ಬಹಳ ಓದಬೇಡ.

ತಹಮೀನಾ


ದೇವದುರ್ಗ
19 ಸೆಪ್ಟೆಂಬರ್ 2024

ತಹಮೀನಾ,

ಸ್ಟಾಫ್ ರೂಮಿನಲ್ಲಿ ಕೂತು ಬರೆಯುತ್ತಿದ್ದೇನೆ. ಫ್ಯಾನು ನಿಂತಿದೆ. ಬೆಳಿಗ್ಗೆ ರಾಯಚೂರಿನಿಂದ ಗಬ್ಬೂರಿನವರೆಗೆ ನಿಂತೇ ಬಂದೆ. ಹದಿನೇಳು ವರ್ಷದಿಂದ ನಾನು ಈ ಕಾಲೇಜಿಗೆ ಅತಿಥಿ. ಈ ವರ್ಷವೂ ಕರೆಯುತ್ತಾರೋ ಇಲ್ಲವೋ, ಪತ್ರ ಬಂದಿಲ್ಲ. ಬಾರದಿದ್ದರೂ ಪಾಠ ಮಾಡುತ್ತಿದ್ದೇವೆ. ಮೊದಲು ಬಸ್ಸಿನಲ್ಲಿ ಕವಿತೆ ಓದುತ್ತಿದ್ದೆ, ಇಷ್ಟವಾದ ಸಾಲಿನ ಕೆಳಗೆ ಗೆರೆ ಎಳೆಯುತ್ತಿದ್ದೆ. ಈಗ ಪುಸ್ತಕ ತೆರೆದು ತೊಡೆಯ ಮೇಲಿಟ್ಟುಕೊಂಡು ಕಿಟಕಿ ನೋಡುತ್ತೇನೆ.

ಕಡಲಿಗೆ ಚೌಕಟ್ಟು ಯಾಕೆ ಎಂದು ನೀನು ಬರೆದದ್ದು ಎರಡು ದಿನ ನನ್ನ ಜೊತೆ ಓಡಾಡಿತು. ಚೆನ್ನಾಗಿದೆ. ಆದರೆ ಅದೇ ಮಾತು ಹೇಳಿ ನಗರದಿಂದ ತಪ್ಪಿಸಿಕೊಳ್ಳಲಾಗದು. ರಾಜಧಾನಿಯಿಲ್ಲದೆ ಪುಸ್ತಕವಿಲ್ಲ ಎಂದು ಅವರು ಸ್ಪಷ್ಟವಾಗಿ ಹೇಳಿದ್ದಾರೆ.

ಗಾಜಿನ ವಿಷಯಕ್ಕೆ ನಾನೇ ವಲಿ ಪಾಷಾ ಅಣ್ಣನಿಗೆ ಫೋನ್ ಮಾಡಿದ್ದೆ. ಬೇರೆ ಗಾಜು ರಾಯಚೂರಿನಿಂದ ಕಳಿಸಲೇ ಎಂದು ಕೇಳಲು.

"ಗಾಜಾ? ಗಾಜು ಎಲ್ಲಿಗಿ ಹೋಗ್ತದ ತಂಗಿ, ಇಲ್ಲೇ ಗ್ವಾಡಿಗಿ ಆನಿಸೇನಿ."

"ಮದುವಿ ಫೋಟೋಕ್ಕ ಕೊಟ್ರಿ ಅಂದಳಲ್ಲ?"

"ನೀ ಆಕಿಗೇ ಕೇಳವಾ" ಅಂದು ಅಣ್ಣ ಫೋನ್ ಇಟ್ಟುಬಿಟ್ಟ.

ಕೇಳುತ್ತಿದ್ದೇನೆ. ಇಷ್ಟವಿಲ್ಲದಿದ್ದರೆ ಇಷ್ಟವಿಲ್ಲ ಅನ್ನು. ಗಾಜನ್ನು ಯಾಕೆ ನಡುವೆ ತರುತ್ತೀಯ? ಫೋನಿನಲ್ಲಿ ನಿನಗೆ ಕೇಳಿದರೆ "ಆರಾಮ ಅದೀನಿ" ಅಂತೀಯ, ಅಲ್ಲಿಗೆ ಮಾತು ಮುಗಿಯುತ್ತದೆ. ಪತ್ರದಲ್ಲಾದರೂ ಹೇಳುತ್ತೀಯ ಎಂದುಕೊಂಡಿದ್ದೆ.

ವಿಶಾಖಾ


ಮಾನ್ವಿ
6 ಅಕ್ಟೋಬರ್ 2024

ವಿಶಾಖಾ ಮೇಡಮ್ ಅವರಿಗೆ ನಮಸ್ಕಾರಗಳು.

ಈ ಪತ್ರವನ್ನು ತಹಮೀನಾ ಹೇಳಿ ಬರೆಸಿದ್ದು. ಬರೆದವಳು ಲತೀಫಾ. ನಾವೆಲ್ಲ ಕ್ಷೇಮ.

ತಹಮೀನಾಳ ಬಲಗೈ ಬೆರಳು ಬಾಗಿಲ ಸಂದಿಗೆ ಸಿಕ್ಕು ಬಾತಿದೆ. ಆದ ಕಾರಣ ಸ್ವತಃ ಬರೆಯಲು ಆಗಿರುವುದಿಲ್ಲ. ಇದರೊಂದಿಗೆ ಒಂದು ಸರೋವರದ ನಕ್ಷೆ ಕಳಿಸಿದೆ. ಸುತ್ತ ಬೆಟ್ಟ ಮತ್ತು ಕಾಡು ಇವೆ. ತಲುಪಿದ್ದಕ್ಕೆ ತಿಳಿಸುವುದು.

ಎಂಟಗಸಿಯ ಕೆಲಸ ತನ್ನಿಂದ ಆಗುವುದಿಲ್ಲ. ಬೇರೆಯವರನ್ನು ನೋಡಿಕೊಳ್ಳಬಹುದು.

ಇಷ್ಟೇ ಹೇಳಿದ್ದು, ಇಷ್ಟೇ ಬರೆದೆ. ಇನ್ನು ಇದು ನನ್ನ ಮಾತು ಮೇಡಮ್. "ಏನಾರ ಒಂದು ಛಲೋ ಮಾತು ಬರಸು ಆಪಾ, ಕಚೇರಿ ನೋಟೀಸ್ ಆದಂಗ ಆಗ್ಯದ" ಅಂದೆ. "ಸಾಕು, ಬಂದ್ ಮಾಡು" ಅಂದಳು. ಬಂದ್ ಮಾಡಿದ್ದೇನೆ.

ಲತೀಫಾ


ರಾಯಚೂರು
9 ಅಕ್ಟೋಬರ್ 2024

ತಹಮೀನಾ,

ಲತೀಫಾ ಭಾಬಿಯ ಅಕ್ಷರ ಚೆನ್ನಾಗಿದೆ. ಹೊಡೆದು ಹಾಕಿದ ಒಂದು ಕಾಟೂ ಇಲ್ಲ.

ಬೆರಳು ಬಾತಿದ್ದರೆ ಸರೋವರ ಹೇಗೆ ಬಂತು? ಬೆಟ್ಟದ ಮೇಲೆ ಒಂದೊಂದು ಮರವನ್ನೂ ಮಸಿಯಲ್ಲಿ ನಿಲ್ಲಿಸಿದ್ದೀಯ. ನಕ್ಷೆಗೆ ಕೈ ಇದೆ, ನನಗೆ ಎರಡು ಸಾಲು ಬರೆಯಲು ಇಲ್ಲ. ಮೇಡಮ್ ಅವರಿಗೆ ನಮಸ್ಕಾರಗಳು ಎಂದು ನಿನ್ನ ಬಾಯಿಂದ ಕೇಳಲು ಇಷ್ಟು ವರ್ಷ ಬೇಕಾಯಿತು ನೋಡು.

ಮೌನಪ್ಪನನ್ನು ಕೇಳಿದೆ. "ಆ ಅಕ್ಕಾರು ಈಗ ಬಸ್ಸಿಗಿ ಬರಂಗಿಲ್ರೀ. ಅವರಣ್ಣಾರ ಬಂದು ಕೊಟ್ಟು ಹೋಗ್ತಾರ" ಅಂದ. ಬಸ್ ನಿಲ್ದಾಣದವರೆಗೆ ಬರುವಷ್ಟೂ ನಿನಗೆ ಇದು ಬೇಡವಾಗಿದೆ ಎಂದಾಯಿತು. ಬೇಸರ ಎಲ್ಲರಿಗೂ ಬರುತ್ತದೆ. ನನಗೂ ಬಂದಿದೆ, ಎಲ್ಲದರ ಮೇಲೂ. ಇದೊಂದರ ಮೇಲೆ ಬರಲಿಕ್ಕಿಲ್ಲ ಎಂದುಕೊಂಡಿದ್ದೆ.

ಬೇರೆಯವರನ್ನು ನೋಡಿಕೊಳ್ಳುತ್ತೇನೆ.

ವಿಶಾಖಾ


ಮಾನ್ವಿ
24 ನವೆಂಬರ್ 2024

ವಿಶಾಖಾ,

ಮೇಡಮ್ ಎಂದು ಬರೆಯಬೇಡ ಎಂದು ಭಾಬಿಗೆ ಹೇಳಿದ್ದೇನೆ. ಅಕ್ಷರ ಅವಳದು, ಮಾತು ನನ್ನದು.

ನಿನ್ನೆ ಅಂಗಡಿಯಲ್ಲಿ ಅಣ್ಣ ಫೋನು ಹಿಡಿದು ನಮ್ಮ ಪುಟ ತೋರಿಸಿದ. ಎಂಟಗಸಿ ಬಂದಿದೆ. ಹಿಗ್ಗಿಸಿ ನೋಡಿದೆ. ಗೋಡೆಗಳು ನೆಟ್ಟಗಿವೆ. ಎಂಟು ಅಗಸಿಯೂ ಒಂದೇ ಅಳತೆಗಿವೆ. ಎಲ್ಲೂ ತಪ್ಪಿಲ್ಲ.

ಕೆಳಗೆ ಎಂದಿನಂತೆ "ಗೆರೆ: ತಹಮೀನಾ. ಹೆಸರು: ವಿಶಾಖಾ" ಎಂದಿದೆ. ಆ ಗೆರೆ ನನ್ನದಲ್ಲ. ನನ್ನ ಹೆಸರು ತೆಗೆದುಬಿಡು.

ನಿನಗೆ ಯಾವಾಗ ಗೊತ್ತಾಯಿತು ಎಂದು ನಾನು ಕೇಳುವುದಿಲ್ಲ. ಗೊತ್ತಾಗಿಯೂ ಏನೂ ಅನ್ನದೆ ಕೆಲಸವನ್ನು ಮೆಲ್ಲಗೆ ಬೇರೆ ಕಡೆ ಮಾಡಿಸಿದೆ. ಅದು ನಿನ್ನ ದೊಡ್ಡತನವೇ ಇರಬೇಕು. ಅಬ್ಬಾನಿಗೂ ಹಾಗೆಯೇ ಆಗಿತ್ತು. ಒಂದು ದಿನ ಕೆಲಸಕ್ಕೆ ಹೋದಾಗ ಅವನ ಮೇಜಿನ ಮೇಲೆ ಬೇರೆಯವನ ಮಸಿಬಾಟಲಿ ಇತ್ತು. ಯಾರೂ ಒಂದು ಮಾತು ಹೇಳಲಿಲ್ಲ. ಎಲ್ಲರೂ ಬಹಳ ಮರ್ಯಾದೆಯಿಂದ ಮಾತಾಡಿಸಿದರಂತೆ.

ಪುಸ್ತಕ ಆಗಲಿ. ಒಂದು ಪ್ರತಿ ಕಳಿಸು.

ತಹಮೀನಾ


ರಾಯಚೂರು
3 ಡಿಸೆಂಬರ್ 2024

ತಹಮೀನಾ,

ನನಗೆ ಏನೂ ಗೊತ್ತಿರಲಿಲ್ಲ.

ನಿನ್ನ ಪತ್ರ ಓದಿ ಮೊದಲು ಸಿಟ್ಟು ಬಂತು. ಏನು ಗೊತ್ತಾಗಬೇಕಿತ್ತು ನನಗೆ? ಇವಳು ಏನು ಬಚ್ಚಿಟ್ಟಿದ್ದಾಳೆ? ಭಾನುವಾರ ಕಾಲೇಜಿಲ್ಲ. ಈ ವರ್ಷ ನೀನು ಕಳಿಸಿದ ಹಾಳೆಗಳನ್ನೆಲ್ಲ ಕಂಪ್ಯೂಟರಿನಲ್ಲಿ ತೆರೆದು ಕೂತೆ. ಮಾರುವುದಕ್ಕೆಂದು ನೀರು, ಬೆಟ್ಟ, ಕಾಡು, ಹೆಸರು ಎಂದು ಬೇರೆ ಬೇರೆ ಪದರ ಮಾಡಿ ಇಟ್ಟಿರುತ್ತೇನಲ್ಲ. ಸರೋವರದ ಹಾಳೆಯಲ್ಲಿ ನೀರಿನ ಪದರ ತೆಗೆದೆ. ಬೆಟ್ಟ ಮಾತ್ರ ಉಳಿಯಿತು. ಬೆಟ್ಟದ ಅಂಚಿನಲ್ಲೂ ಅದೇ ಅಲೆ. ಬೆಟ್ಟ ತೆಗೆದೆ. ಮರದ ಕಾಂಡಗಳಲ್ಲೂ ಅದೇ. ನೀರಿಗೆ ಅಲೆ ಇರಬಹುದು. ಕಾಂಡಕ್ಕೆ ಯಾಕೆ ಎಂದು ನೋಡುತ್ತಲೇ ಇದ್ದೆ.

ಆಮೇಲೆ ನಿಮ್ಮ ಮನೆಯ ಚಹಾ ನೆನಪಾಯಿತು. ರಜೆಯಲ್ಲಿ ಮಾನ್ವಿಗೆ ಬಂದಾಗ ಎಲ್ಲರಿಗೂ ತುಂಬಿದ ಕಪ್ಪು, ನಿನ್ನ ಅಬ್ಬಾ ಸತ್ತಾರ್ ಸಾಬ್ ಅವರಿಗೆ ಮಾತ್ರ ಅರ್ಧ. ಅವರು ಅದನ್ನು ಎರಡೂ ಕೈಯಲ್ಲಿ ಹಿಡಿದು ಕುಡಿಯುತ್ತಿದ್ದರು. ಸಕ್ಕರೆ ಕಾಯಿಲೆಯೋ ಏನೋ ಎಂದುಕೊಂಡಿದ್ದೆ. ನೀನು ಅರ್ಧ ಕಪ್ಪು ಯಾಕೆ ಕೊಡುತ್ತಿದ್ದೆ ಎಂದು ಮೊನ್ನೆ ಭಾನುವಾರ ತಿಳಿಯಿತು.

ಚೌಕಟ್ಟು, ಅಳತೆಪಟ್ಟಿ, ಪೆನ್ಸಿಲು, ಗಾಜು, ಬೆರಳು. ಎಲ್ಲವೂ ನನ್ನ ಕಣ್ಣ ಮುಂದೆಯೇ ಇತ್ತು. ನಿನ್ನ ಕೈ ನಡುಗಿದ್ದನ್ನು ನಾನು ಕಡಲು ಎಂದು ಹೊಗಳಿದೆ. ಅದನ್ನೇ ಮಾರಿದೆ.

ಎಂಟಗಸಿಯನ್ನು ಬೇರೆ ಯಾರೂ ಬರೆದಿಲ್ಲ. ನಿನ್ನ ಮೇಲಿನ ಸಿಟ್ಟಿಗೆ ನಾನೇ ಮೌಸು ಹಿಡಿದು ಎಳೆದೆ. ಹೆಸರು ಎಂದಿನಂತೆ ತಾನಾಗಿ ಕೆಳಗೆ ಬಿತ್ತು, ತೆಗೆಯಲು ಮನಸ್ಸಾಗಲಿಲ್ಲ. ಮಲ್ಲೇಶ್ವರಿ ನೋಡಿ, "ಛಲೋ ಆಗ್ಯಾವ್ರೀ ಗ್ವಾಡಿ. ಆದ್ರ ರಾಜಧಾನಿ ಅನಸವಲ್ದು ಮೇಡಮ್, ಸೈಟ್ ಮಾರೋ ಲೇಔಟ್ ಅನಸ್ತದ" ಅಂದಳು. ಹೈದರಾಬಾದಿನವರೂ ಅದನ್ನೇ ಮರ್ಯಾದೆಯಾಗಿ ಬರೆದಿದ್ದಾರೆ. ನಾಡು ಒಬ್ಬರದು, ನಗರ ಯಾರದೋ, ಹೀಗೆ ತೆಗೆದುಕೊಳ್ಳಲಾಗದು, ಫೆಬ್ರವರಿಯವರೆಗೆ ಕಾಯುತ್ತೇವೆ ಎಂದು. ಪುಟದಿಂದ ಅದನ್ನು ಇವತ್ತೇ ತೆಗೆಸಿದೆ.

ನನಗೊಂದು ಹೊಳೆದಿದೆ. ಎಂಟಗಸಿಯನ್ನೇ ಬೀಳಿಸೋಣ. ಎಂದೋ ಯುದ್ಧವಾಗಿ ಹಾಳಾದ ಊರು ಎಂದು ಬರೆ. ಉರುಳಿದ ಗೋಡೆ, ಬಾಯಿಬಿಟ್ಟ ಅಗಸಿ. ಬಿದ್ದ ಗೋಡೆಗೆ ನೆಟ್ಟನೆಯ ಗೆರೆ ಬೇಕಿಲ್ಲ. ಇನ್ನು ಮುಂದೆಯೂ ಹಾಳು ಕೋಟೆಗಳನ್ನೇ ಮಾಡೋಣ. ಆಟದವರಿಗೆ ಅವೇ ಹೆಚ್ಚು ಇಷ್ಟವಂತೆ.

ವಿಶಾಖಾ


ಮಾನ್ವಿ
15 ಡಿಸೆಂಬರ್ 2024

ವಿಶಾಖಾ,

ನನ್ನ ಕೈ ನಡುಗುತ್ತದೆ ಎಂದು ಊರುಗಳನ್ನೆಲ್ಲ ಬೀಳಿಸಬೇಡ.

ಎಂಟಗಸಿ ಬಿದ್ದ ಊರಲ್ಲ. ಒಂದನೆಯ ಅಗಸಿಯ ಪಕ್ಕ ಹೂವಿನವರು, ನಾಲ್ಕನೆಯದರಲ್ಲಿ ಉಪ್ಪಿನ ಬಂಡಿ, ಎಂಟನೆಯದು ಕಡಲಿಗೆ ತೆರೆಯುವುದು. ಹಾಸ್ಟೆಲ್ಲಿನಲ್ಲಿ ನೀನೇ ಹೇಳಿ ನಾನು ಬರೆದುಕೊಂಡದ್ದು. ಅಲ್ಲಿ ಜನ ಇದ್ದಾರೆ. ನನ್ನೊಬ್ಬಳ ಸಲುವಾಗಿ ಅವರ ಮನೆ ಯಾಕೆ ಕೆಡವುತ್ತೀ?

ಅಬ್ಬಾನ ವಿಷಯ ನಿನಗೆ ಪೂರ್ತಿ ಹೇಳಿರಲಿಲ್ಲ. ಅವನು ಒಬ್ಬ ಎಂಜಿನಿಯರ್ ಬಳಿ ನಕ್ಷೆ ತಿದ್ದುತ್ತಿದ್ದ. ಕೈ ನಡುಗತೊಡಗಿದಾಗ ಯಾರಿಗೂ ಹೇಳಲಿಲ್ಲ. ಓಣಿಯವರು ತಾವೇ ಒಂದು ಕಾರಣ ಕಂಡುಕೊಂಡರು. "ಸತ್ತಾರ್ ಸಾಬ್ ಸಂಜಿಗಿ ಎಲ್ಲಿಗಿ ಹೋಗ್ತಾನ ಗೊತ್ತದೇನು?" ಅಂತ. ಜೀವಮಾನದಲ್ಲಿ ಒಂದು ಹನಿ ಮುಟ್ಟದವನು. ಕುಡಿಯುವುದಿಲ್ಲ ಎಂದು ಯಾರ ಮನೆಗೆ ಹೋಗಿ ಹೇಳುವುದು? ಅವನು ಹೊರಗೆ ಹೋಗುವುದನ್ನೇ ಬಿಟ್ಟ. ಹೋದ ವರ್ಷ ಉಗಾದಿಯ ಹೊತ್ತಿಗೆ ಸೂಜಿಗೆ ದಾರ ಪೋಣಿಸಲು ಹೋದಾಗ ನನ್ನ ಕೈಯಲ್ಲಿ ಅವನ ಕೈ ಕಂಡೆ. ಸುಮ್ಮನಾದೆ.

ಕಡಲು ಚೆನ್ನಾಗಿದೆ ಎಂದು ನೀನು ಬರೆದಾಗ ಆ ಪತ್ರವನ್ನು ಎರಡು ಸಲ ಓದಿದೆ. ನಿನಗೆ ಹೇಳಬಹುದಿತ್ತು. ಹೇಳಿದರೆ ಅದು ಕಡಲಾಗಿ ಉಳಿಯುತ್ತಿರಲಿಲ್ಲ.

ಭಾಬಿ ನನ್ನನ್ನು ರಾಯಚೂರಿಗೆ ಕರೆದೊಯ್ದು ಡಾಕ್ಟರರಿಗೆ ತೋರಿಸಿದಳು. ನಿನ್ನ ಮನೆಯ ರಸ್ತೆಯಲ್ಲೇ ಹೋದೆವು. ನಿಲ್ಲಲಿಲ್ಲ. ಮನೆತನದಲ್ಲಿ ಬರುವುದಂತೆ, ಜೀವಕ್ಕೇನೂ ಇಲ್ಲವಂತೆ. ಗುಳಿಗೆ ಕೊಟ್ಟಿದ್ದಾರೆ. ತೆಗೆದುಕೊಂಡರೆ ಕೈ ಒಂದಿಷ್ಟು ನಿಲ್ಲುತ್ತದೆ, ಜೊತೆಗೆ ನಾನೂ ನಿಲ್ಲುತ್ತೇನೆ. ಮೂಲೆಯಲ್ಲಿಟ್ಟ ಮೂಟೆಯ ಹಾಗೆ ಕೂತಿರುತ್ತೇನೆ.

ಇದು ಲತೀಫಾ. ಮೂಟೆ ಅಂದದ್ದು ಸುಳ್ಳಲ್ಲ ಮೇಡಮ್. ಆದರೆ ಮೂಟೆಗೆ ಇಷ್ಟು ಬಾಯಿ ಇರುವುದಿಲ್ಲ. ಗುಳಿಗಿ ನುಂಗಂದ್ರ ನಂಗೇ ಬೈತಾಳ.

ಭಾಬಿ ಬರೆದದ್ದನ್ನು ನೋಡಿದೆ. ಇರಲಿ, ಹೊಡೆದು ಹಾಕಬೇಡ ಅಂದೆ.

ಈಗ ಕೆಲಸದ ಮಾತು. ಗೋಡೆ ನೀನೇ ಎಳೆ. ಮೌಸಿನಿಂದ ಬೇಡ. ಗಾಜಿನ ಕೆಳಗೆ ಬಲ್ಬಿಟ್ಟು, ಹಾಳೆ ಹಾಸಿ, ಸ್ಕೇಲು ಹಿಡಿದು, ಮಸಿಯಲ್ಲಿ. ಪೆನ್ನು ನೆಟ್ಟಗಿರಲಿ, ಒರಗಿಸಿದರೆ ಮಸಿ ಸ್ಕೇಲಿನ ಕೆಳಗೆ ನುಗ್ಗುತ್ತದೆ. ಶುರು ಮಾಡುವ ಮುಂಚೆ ಉಸಿರು ಹಿಡಿ, ಮೂಲೆ ಬಂದ ಮೇಲೆ ಬಿಡು. ಮೂಲೆಯಲ್ಲಿ ಎರಡೂ ಗೆರೆ ಒಂದನ್ನೊಂದು ದಾಟಿ ಕೂದಲೆಳೆಯಷ್ಟು ಹೊರಗೆ ಹೋಗಲಿ. ಸರಿಯಾಗಿ ಮೂಲೆಗೇ ನಿಲ್ಲಿಸಲು ಹೋದರೆ ಗೋಡೆ ಅಂಜಿದಂತೆ ಕಾಣುತ್ತದೆ. ಇದು ಅಬ್ಬಾ ಹೇಳಿಕೊಟ್ಟದ್ದು.

ಗೋಡೆಯ ಹೊರಗಿನ ಕಡಲು ನಾನು ಬರೆದು ಇದರೊಂದಿಗೆ ಕಳಿಸಿದ್ದೇನೆ. ಊರಿನ ಜಾಗ ಖಾಲಿ ಇದೆ.

ತಹಮೀನಾ


ರಾಯಚೂರು
19 ಜನವರಿ 2025

ತಹಮೀನಾ,

"ನಿನ್ನ ಮನೆಯ ರಸ್ತೆಯಲ್ಲೇ ಹೋದೆವು. ನಿಲ್ಲಲಿಲ್ಲ" ಎಂಬ ನಿನ್ನ ಸಾಲನ್ನು ನಾನು ದಾಟಿ ಮುಂದೆ ಓದಲು ಬಹಳ ಹೊತ್ತು ಬೇಕಾಯಿತು. ನಾನು "ಬೇರೆಯವರನ್ನು ನೋಡಿಕೊಳ್ಳುತ್ತೇನೆ" ಎಂದು ಬರೆದವಳು. ನೀನು ನಿಲ್ಲದಿದ್ದದ್ದು ಸರಿ.

ಪರೀಕ್ಷೆಯ ಪೇಪರ್ ತಿದ್ದಿ ಬಂದು ದಿನವೂ ಸಂಜೆ ಗೋಡೆಗೆ ಕೂರುತ್ತೇನೆ. ಊಟದ ಮೇಜಿನ ಎರಡು ಹಲಗೆಯ ನಡುವೆ ಕಿಟಕಿಯ ಗಾಜು ಕೂರಿಸಿ ಕೆಳಗೆ ಬಲ್ಬಿಟ್ಟಿದ್ದೇನೆ. ಅವ್ವ ನೋಡಿ ಅಂದಳು: "ಇಲ್ಲದ ಊರಿಗಿ ಗ್ವಾಡಿ ಕಟ್ಟಾಕತ್ತಿ ಬೇ. ನಮ್ಮ ಹಿತ್ತಲ ಗ್ವಾಡಿ ಬಿದ್ದು ಎಷ್ಟು ದಿನ ಆತು?"

"ಅದಕ್ಕ ಗೌಂಡಿ ಬೇಕವ್ವ."

"ಇದಕ್ಕ ಬ್ಯಾಡೇನು?"

ಇದಕ್ಕೂ ಬೇಕಿತ್ತು. ಅಭ್ಯಾಸಕ್ಕೆಂದು ತೆಗೆದುಕೊಂಡ ಮೊದಲ ಹಾಳೆಯಲ್ಲಿ ಮಸಿ ಸ್ಕೇಲಿನ ಕೆಳಗೆ ನುಗ್ಗಿ ಮೂರನೆಯ ಅಗಸಿ ಕೆರೆಯಾಯಿತು. ಇನ್ನೊಂದರಲ್ಲಿ ಉಸಿರು ಬಿಡುವುದು ಮರೆತು ಕೆಮ್ಮಿದೆ. ಆಮೇಲೆ ಎಷ್ಟು ಹಾಳೆ ಕೆಟ್ಟವೋ. ನೀನು ಇದನ್ನು ಮಾತಾಡುತ್ತ ಮಾತಾಡುತ್ತ ಮಾಡುತ್ತಿದ್ದೆ. ನಾನು ಪಕ್ಕದಲ್ಲಿ ಕಾಲು ಚಾಚಿ ಕೂತು ಹೆಸರು ಹೇಳುತ್ತಿದ್ದೆ. ನನ್ನದೇ ಹೆಚ್ಚಿನ ಕೆಲಸ ಎಂಬ ಭಾವನೆ ಒಳಗೆ ಎಲ್ಲೋ ಇತ್ತು.

ಈ ಪೈಪಿನಲ್ಲಿರುವುದು ಕೊನೆಯ ಹಾಳೆ, ನೀನು ಕಳಿಸಿದ್ದು. ನಿನ್ನ ಕಡಲಿನ ನಡುವೆ ನನ್ನ ಊರು. ನಿನ್ನ ತೀರವನ್ನು ಎಲ್ಲಿಯೂ ತೀಡಿಲ್ಲ. ಏಳನೆಯ ಅಗಸಿಯ ಹತ್ತಿರ ನನ್ನ ಗೆರೆ ಕೆಟ್ಟಿದೆ, ಕಂಪ್ಯೂಟರಿನಲ್ಲಿ ಸರಿ ಮಾಡುತ್ತೇನೆ. ಕೊಂಡವರು ತುಂಬಿಕೊಳ್ಳಲಿ ಎಂದು ಎಂದಿನಂತೆ ಕೆಲವು ಹಳ್ಳಿಗಳಿಗೆ ಹೆಸರಿಟ್ಟಿಲ್ಲ. ಎಂಟನೆಯ ಅಗಸಿಯ ಹೊರಗೆ ನೀರಿನ ಅಂಚಿಗೆ ನೀನು ಬರೆದ ಒಂದು ಮನೆಯ ಊರಿಗೂ ಇಟ್ಟಿಲ್ಲ.

ಇದನ್ನು ನೋಡಿ, ಬೇಕಾದದ್ದು ಸೇರಿಸಿ, ವಾಪಸ್ ಕಳಿಸು. ಹೈದರಾಬಾದಿಗೆ ಹೋಗುವುದು ನೀನು ಹೂಂ ಅಂದ ಮೇಲೆಯೇ. ಬೇಡ ಅಂದರೆ ಪುಸ್ತಕ ಬೇಡ, ನಾನು ಯಾಕೆಂದು ಕೇಳುವುದಿಲ್ಲ. ಕೆಳಗೆ ಏನೆಂದು ಬರೆಯಲಿ, ಅದನ್ನೂ ಹೇಳು. ಗೆರೆ ತಹಮೀನಾ ಎಂದರೆ ನೀನು ಒಪ್ಪುವುದಿಲ್ಲ. ಗೆರೆ ವಿಶಾಖಾ ಎಂದರೆ ನಾನು ಒಪ್ಪುವುದಿಲ್ಲ.

ಕಾಲೇಜಿನ ಪತ್ರ ಬಂತು. ಈ ವರ್ಷವೂ ಅತಿಥಿಯೇ.

ವಿಶಾಖಾ


ಮಾನ್ವಿ
2 ಫೆಬ್ರವರಿ 2025

ವಿಶಾಖಾ,

ಇದು ನನ್ನದೇ ಅಕ್ಷರ. ಗುಳಿಗೆ ತೆಗೆದುಕೊಂಡಿಲ್ಲ. ಭಾಬಿ ಎದುರಿಗೆ ಕೂತು ಅಕ್ಕಿ ಆರಿಸುತ್ತಿದ್ದಾಳೆ. ಆಗಾಗ "ಕೊಡು ಇಲ್ಲಿ" ಅನ್ನುತ್ತಾಳೆ. ಕೊಟ್ಟಿಲ್ಲ.

ಗೋಡೆ ನೋಡಿದೆ. ಹೊಸಬರ ಕೆಲಸ. ಆದರೆ ಮೂಲೆಗಳು ದಾಟಿವೆ. ಅಬ್ಬಾ ಇದ್ದಿದ್ದರೆ ಪರವಾಗಿಲ್ಲ ಅನ್ನುತ್ತಿದ್ದ.

ಏಳನೆಯ ಅಗಸಿಯ ಹತ್ತಿರ ನಿನ್ನ ಗೆರೆಯೂ ನಡುಗಿದೆ. ಸರಿ ಮಾಡಬೇಡ. ಹಾಗೇ ಹೋಗಲಿ ಹೈದರಾಬಾದಿಗೆ.

ಕೆಳಗೆ ಹೀಗೆ ಬರೆ. ಗೋಡೆ: ವಿಶಾಖಾ. ನೀರು: ತಹಮೀನಾ. ನನ್ನ ಹೆಸರು ಸಣ್ಣದಾಗಿ ಹಾಕಬೇಡ.

ಒಂಟಿ ಮನೆಗೆ ಹೆಸರು ಬೇಡ, ಯಾರಾದರೂ ಇಡಲಿ. ಆದರೆ ಎಂಟನೆಯ ಅಗಸಿಯಿಂದ ಆ ಮನೆಯವರೆಗೆ ಚುಕ್ಕಿ ಚುಕ್ಕಿಯ ದಾರಿ ಹಾಕಿದ್ದೇನೆ. ಮೌನಪ್ಪನಿಗೆ ತೋರಿಸು, ಅವನ ಬಸ್ ರೂಟ್ ಎಂದು ಹೇಳು. ಚುಕ್ಕಿ ಇಡಲು ಕೈ ನೆಟ್ಟಗಿರಬೇಕಿಲ್ಲ.

ಇನ್ನೂ ಬರೆಯಬೇಕೆಂದಿದ್ದೆ, ಕೈ ಸೋತಿದೆ. ಸಾಲುಗಳು ಎತ್ತಲೋ ಹೋಗಿವೆ. ಓದಲು ಆಗದಿದ್ದರೆ ಈ ಪತ್ರ ಹಿಡಿದುಕೊಂಡು ಮೌನಪ್ಪನ ಬಸ್ಸಿಗೆ ಬಾ. ಚಹಾ ನಾನೇ ಸೋಸುತ್ತೇನೆ, ಇಬ್ಬರಿಗೂ ಅರ್ಧ ಕಪ್ಪು. ಕುಡಿದು, ಓದಿ ಹೇಳುತ್ತೇನೆ.

ತಹಮೀನಾ